ಜಲ್ಲಿ ಗುಡ್ಡೆ ಹತ್ತದ ಲೆಗೊ ಜೀಪು: ತೊಂದರೆ ಹುಡುಕುವುದು ಹೇಗೆ?

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ನಮ್ಮ ಗೇಟಿನ ಪಕ್ಕ ಜಲ್ಲಿ ಒಂದು ಗುಡ್ಡೆ, ಎಂ ಸ್ಯಾಂಡ್ ಒಂದು ಗುಡ್ಡೆ. ಇಡೀ ಬೀದಿ ಬೈದುಕೊಂಡು ಓಡಾಡುತ್ತದೆ. ನನಗೂ ನನ್ನ ಅಕ್ಕನ ಮಗನಿಗೂ ಮಾತ್ರ ಅದು ಪುಕ್ಕಟೆ ಸಿಕ್ಕ ಟೆಸ್ಟ್ ಟ್ರ್ಯಾಕ್. ಲೆಗೊ ಟೆಕ್ನಿಕ್ ತುಂಡುಗಳಲ್ಲಿ, ಅಂದರೆ ಗಿಯರ್, ಮೋಟರ್ ಎಲ್ಲಾ ಇರುವ ಪ್ಲಾಸ್ಟಿಕ್ ಜೋಡಣೆ ಆಟಿಕೆಯಲ್ಲಿ, ನಾವಿಬ್ಬರೂ ಸೇರಿ ಒಂದು ರಿಮೋಟ್ ಜೀಪು ಕಟ್ಟಿದ್ದೇವೆ, ಹಾಲ್‌ನಲ್ಲಿ ಅದು ರಾಜನ ಹಾಗೆ ಓಡುತ್ತಿತ್ತು, ಸೋಫಾ ದಿಂಬು ಕೂಡ ಹತ್ತುತ್ತಿತ್ತು. ಜಲ್ಲಿ ಮೇಲೆ ಬಿಟ್ಟ ದಿನ ಅರ್ಧ ಅಡಿ ಏರಿ, ಕಟ ಕಟ ಅಂದು, ನಿಂತುಬಿಟ್ಟಿತು.

"ಮಾಮ, ಸತ್ತೋಯ್ತು."

ಸತ್ತಿರಲಿಲ್ಲ. ಆದರೆ ಯಾಕೆ ನಿಂತಿತು ಅಂತ ಕಂಡುಹಿಡಿಯಲು ಮೂರು ಭಾನುವಾರ ಬೇಕಾಯಿತು, ಏಕೆಂದರೆ ತೊಂದರೆ ಒಂದಲ್ಲ, ಒಂದರ ಹಿಂದೆ ಒಂದು ಅಡಗಿಕೊಂಡಿದ್ದವು. ಒಂದನ್ನು ಸರಿಮಾಡಿದರೆ ಇನ್ನೊಂದು ತಲೆ ಎತ್ತುತ್ತಿತ್ತು. ತಪ್ಪು ತುಂಡುಗಳದ್ದಲ್ಲ, ನಾವು ಕಟ್ಟಿದ ರೀತಿಯದ್ದು. ನೀವೂ ಇಂಥದ್ದೊಂದು ಗಾಡಿ ಕಟ್ಟಿ ಅದು ಮೊಂಡು ಹಿಡಿದಿದ್ದರೆ ಈ ಬರಹ ನಿಮಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬಿಚ್ಚಬೇಡಿ. ನಾನು ಮೊದಲ ಭಾನುವಾರ ಗಾಡಿಯನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಅದೇ ತೊಂದರೆಯನ್ನು ಅಷ್ಟೇ ಅಚ್ಚುಕಟ್ಟಾಗಿ ವಾಪಸ್ ಕಟ್ಟಿದ್ದೆ.

ನಮ್ಮ ಗಾಡಿ ಎಂಥದ್ದು

ಒಳಗಿರುವುದು ಪವರ್ ಫಂಕ್ಷನ್ಸ್, ಅಂದರೆ 2007ರಲ್ಲಿ ಬಂದ ಹಳೇ ಇನ್‌ಫ್ರಾರೆಡ್ ವ್ಯವಸ್ಥೆ. ನಾಲ್ಕೂ ಚಕ್ರ ಎಳೆಯಲು ಎರಡು ಎಕ್ಸ್‌ಎಲ್ ಮೋಟರ್, ಸ್ಟೀರಿಂಗಿಗೆ ಒಂದು ಸರ್ವೊ (ಹೇಳಿದಷ್ಟೇ ಕೋನ ತಿರುಗಿ ನಿಲ್ಲುವ ಮೋಟರ್), ರಿಮೋಟಿನ ಸನ್ನೆ ಹಿಡಿಯುವ ಒಂದು ರಿಸೀವರ್, ಆರು ಡಬಲ್ ಎ ಸೆಲ್ ಹಿಡಿಯುವ ಬ್ಯಾಟರಿ ಡಬ್ಬಿ. ಟೈರ್ ಎತ್ತರ 94.8 ಮಿಲಿಮೀಟರ್. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ. 2018ರಿಂದ ಬಂದಿರುವ ಬ್ಲೂಟೂತ್ ಹಬ್ ನಿಮ್ಮ ಹತ್ತಿರ ಇದ್ದರೆ ಕೆಳಗೆ ರಿಮೋಟ್ ಬಗ್ಗೆ ಬರೆದಿರುವುದನ್ನು ಹಾರಿಸಿ ಓದಿ. ಗಿಯರ್, ಆಕ್ಸಲ್ (ಚಕ್ರ, ಗಿಯರ್ ಪೋಣಿಸುವ ಕಡ್ಡಿ), ಸೆಲ್ ಕಥೆ ಎರಡಕ್ಕೂ ಒಂದೇ.

ಮೊದಲು ಎತ್ತಿ ಹಿಡಿಯಿರಿ

ಗಾಡಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಚಕ್ರ ಗಾಳಿಯಲ್ಲಿರುವಾಗ ರಿಮೋಟ್ ಒತ್ತಿ. ಈ ಒಂದು ಕೆಲಸ ಅರ್ಧ ತಲೆನೋವು ಕಳೆಯುತ್ತದೆ.

ಗಾಳಿಯಲ್ಲೂ ಚಕ್ರ ತಿರುಗಲಿಲ್ಲ, ಸದ್ದೂ ಇಲ್ಲ ಅಂದರೆ ಕರೆಂಟ್ ಅಥವಾ ರಿಮೋಟ್ ಕಡೆ ನೋಡಿ. ಮೋಟರ್ ಸದ್ದು ಬರುತ್ತದೆ, ಚಕ್ರ ತಿರುಗಲ್ಲ ಅಂದರೆ ಎಲ್ಲೋ ಆಕ್ಸಲ್ ಜಾರಿದೆ ಅಥವಾ ಗಿಯರ್ ಬಿಟ್ಟುಕೊಂಡಿದೆ, ಇಲ್ಲವೇ ಕೆಳಗೆ ಬರುವ ಎರಡು ಮೋಟರ್ ಜಗಳ. ಗಾಳಿಯಲ್ಲಿ ಚೆನ್ನಾಗಿ ತಿರುಗುತ್ತದೆ, ನೆಲಕ್ಕಿಟ್ಟರೆ ಸಾಯುತ್ತದೆ ಅಂದರೆ ನಿಮ್ಮದೂ ನಮ್ಮದೇ ಕಾಯಿಲೆ, ಮುಂದೆ ಓದಿ.

ಇನ್ನೊಂದು ಪರೀಕ್ಷೆಯೂ ಇಲ್ಲೇ ಮುಗಿಸಿಬಿಡಿ. ಗಾಳಿಯಲ್ಲಿ ತಿರುಗುತ್ತಿರುವ ಒಂದು ಚಕ್ರವನ್ನು ಅಂಗೈಯಿಂದ ನಿಧಾನವಾಗಿ ಹಿಡಿಯಿರಿ. ಪೂರ್ತಿ ನಿಲ್ಲಿಸಬೇಡಿ, ಸ್ವಲ್ಪ ಭಾರ ಕೊಡಿ ಅಷ್ಟೇ. ಆಗ ಕಟ ಕಟ ಅಂದರೆ ಗಿಯರ್ ಹಲ್ಲು ಹಾರುತ್ತಿದೆ. ಸದ್ದಿಲ್ಲದೆ ಇಡೀ ಗಾಡಿ ಮಂಕಾದರೆ ಕರೆಂಟ್ ಸಾಲುತ್ತಿಲ್ಲ. ನೀವು ಹಿಡಿದ ಚಕ್ರ ಆರಾಮಾಗಿ ನಿಂತು ಎದುರಿನ ಚಕ್ರ ಎರಡರಷ್ಟು ಜೋರಾಗಿ ತಿರುಗಿದರೆ ಅದು ರೋಗವಲ್ಲ, ಡಿಫರೆನ್ಷಿಯಲ್‌ನ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್ ಜೋಡಣೆ) ಗುಣವೇ ಹಾಗೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಏನೂ ಅಲ್ಲಾಡುತ್ತಿಲ್ಲ

ಇದು ನೋಡಲು ಭಯ, ಸರಿಮಾಡಲು ಸುಲಭ. ರಿಸೀವರ್ ಮೇಲಿನ ಹಸಿರು ದೀಪ ಉರಿಯುತ್ತಿದೆಯಾ? ಇಲ್ಲ ಅಂದರೆ ಬ್ಯಾಟರಿ ಡಬ್ಬಿ ತೆರೆಯಿರಿ. ಆರರಲ್ಲಿ ಒಂದು ಸೆಲ್ ತಿರುಗಾಮುರುಗಾ ಇರುವುದು ಎಲ್ಲರಿಗೂ ಆಗುತ್ತದೆ, ನಾಚಿಕೆ ಬೇಡ. ವರ್ಷಗಟ್ಟಲೆ ಸೆಲ್ ಒಳಗೇ ಬಿಟ್ಟಿದ್ದರೆ ಸ್ಪ್ರಿಂಗಿನ ಮೇಲೆ ಬಿಳಿ ಹುಡಿ ಕಟ್ಟಿರುತ್ತದೆ. ಆಲ್ಕಲೈನ್ ಸೆಲ್ ಸೋರಿದರೆ ಬರುವುದು ಕ್ಷಾರ, ಹಾಗಾಗಿ ಕಿವಿ ಬಡ್ಸ್ ತುದಿಗೆ ನಿಂಬೆರಸ ಹಚ್ಚಿ ಒರೆಸಿದರೆ ಅದು ಕರಗಿ ಬರುತ್ತದೆ. ಆಮೇಲೆ ನೀರಿನ ಬಡ್ಸ್, ಆಮೇಲೆ ಒಣ ಬಡ್ಸ್. ಪೂರ್ತಿ ಒಣಗುವವರೆಗೆ ಸೆಲ್ ಹಾಕಬೇಡಿ, ಆ ಹುಡಿ ಕಣ್ಣಿಗೆ ಮುಟ್ಟಿಸಿಕೊಳ್ಳಬೇಡಿ.

ದೀಪ ಉರಿಯುತ್ತಿದ್ದರೆ ಚಾನೆಲ್ ನೋಡಿ. ರಿಮೋಟ್ ಮೇಲೂ ರಿಸೀವರ್ ಮೇಲೂ 1ರಿಂದ 4ರವರೆಗೆ ಸರಿಯುವ ಕಿತ್ತಳೆ ಬಣ್ಣದ ಗುಂಡಿ ಇದೆ, ಎರಡೂ ಒಂದೇ ಅಂಕಿಯಲ್ಲಿರಬೇಕು. ಕೈ ತಗುಲಿ ಸರಿದುಬಿಡುತ್ತದೆ. ಅದೂ ಸರಿ ಇದ್ದರೆ ರಿಮೋಟನ್ನು ಫೋನ್ ಕ್ಯಾಮೆರಾಗೆ ತೋರಿಸಿ ಒತ್ತಿ. ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪರದೆಯಲ್ಲಿ ನೇರಳೆಯಾಗಿ ಮಿನುಗುತ್ತದೆ. ಕೆಲವು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಕಾಣಲ್ಲ, ಸೆಲ್ಫಿ ಕ್ಯಾಮೆರಾ ನೋಡಿ. ಎರಡರಲ್ಲೂ ಮಿನುಗದಿದ್ದರೆ ರಿಮೋಟಿನ ಮೂರು ಟ್ರಿಪಲ್ ಎ ಸೆಲ್ ಬದಲಾಯಿಸಿ.

ಪ್ಲಗ್ಗುಗಳನ್ನೂ ಒಮ್ಮೆ ಹೆಬ್ಬೆರಳಲ್ಲಿ ಒತ್ತಿಬಿಡಿ. ಒಂದರ ಮೇಲೊಂದು ಕೂರುವ ಪ್ಲಗ್ ಅರ್ಧ ಮಿಲಿಮೀಟರ್ ಎದ್ದಿದ್ದರೂ ಸಂಪರ್ಕ ಇರಲ್ಲ.

ಮಧ್ಯಾಹ್ನ ಕೆಟ್ಟುಹೋಗುತ್ತದೆ, ಸಂಜೆ ಸರಿಹೋಗುತ್ತದೆ

ಎರಡನೇ ಭಾನುವಾರ ಟೆರೇಸಿನ ಮೇಲೆ ಬಿಟ್ಟಾಗ ಗಾಡಿ ಬಿಕ್ಕಳಿಸಲು ಶುರುಮಾಡಿತು. ಎರಡು ಅಡಿ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಒಂದಡಿ. ಮೋಟರ್ ಸುಟ್ಟಿತು ಅಂದುಕೊಂಡು ಕೆಳಗೆ ತಂದರೆ ಹಾಲ್‌ನಲ್ಲಿ ಸರಿಯಾಗಿ ಓಡಿತು. ಮತ್ತೆ ಮೇಲೆ ಒಯ್ದರೆ ಮತ್ತೆ ಬಿಕ್ಕಳಿಕೆ. ನಾಲ್ಕು ಸಲ ಮೆಟ್ಟಿಲು ಹತ್ತಿಳಿದ ಮೇಲೆ ಬುದ್ಧಿ ಬಂತು.

ಬಿಸಿಲಿನಲ್ಲೇ ಬೇಕಾದಷ್ಟು ಇನ್‌ಫ್ರಾರೆಡ್ ಇದೆ. ರಿಮೋಟಿನ ಪುಟ್ಟ ದೀಪ ಅದರೊಳಗೆ ಮುಳುಗಿಹೋಗುತ್ತದೆ, ಜಾತ್ರೆಯಲ್ಲಿ ಪಿಸುಮಾತು ಆಡಿದ ಹಾಗೆ. ಸನ್ನೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಸಿಗದಿದ್ದರೆ ರಿಸೀವರ್ ತಾನಾಗಿಯೇ ಮೋಟರ್ ನಿಲ್ಲಿಸುತ್ತದೆ. ಅದೇ ಬಿಕ್ಕಳಿಕೆ. ಇದು ಸನ್ನೆಕೋಲಿನಂಥ ಎರಡು ಹಿಡಿ ಇರುವ ರಿಮೋಟಿನ ಕಥೆ. ಚಕ್ರ ತಿರುಗಿಸಿ ವೇಗ ಹೆಚ್ಚು ಕಡಿಮೆ ಮಾಡುವ ಇನ್ನೊಂದು ರಿಮೋಟ್ ಇದೆಯಲ್ಲ, ಅದರಲ್ಲಿ ಉಲ್ಟಾ: ಸನ್ನೆ ಸಿಗದಿದ್ದರೂ ಗಾಡಿ ಕೊನೆಗೆ ಹೇಳಿದ ವೇಗದಲ್ಲೇ ಹೋಗುತ್ತಿರುತ್ತದೆ. ನಮ್ಮ ಜೀಪು ಹಾಗೆ ಹೋಗಿ ಮಳೆನೀರಿನ ಮೋರಿ ಅಂಚಿನವರೆಗೆ ತಲುಪಿತ್ತು, ಎದುರು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ "ಸಾರ್, ನಿಮ್ ಗಾಡಿ!" ಅಂತ ಕೂಗಿ ಕಾಲು ಅಡ್ಡ ಇಟ್ಟ.

ಮದ್ದು ಸರಳ. ರಿಸೀವರ್‌ನ ಕಪ್ಪು ಗುಮ್ಮಟ ಗಾಡಿಯ ನೆತ್ತಿಯ ಮೇಲೆ ಕಾಣುವ ಹಾಗಿರಲಿ, ಪಕ್ಕದಿಂದ ಬಿಸಿಲು ಹೊಡೆಯದ ಹಾಗೆ ಒಂದು ಸಣ್ಣ ಕಪ್ಪು ಸೂರು ಕಟ್ಟಿ. ನಾವು ಚೆಂದ ಕಾಣಲಿ ಅಂತ ಅದರ ಮೇಲೆ ಸ್ಪೇರ್ ಚಕ್ರ ಕೂರಿಸಿದ್ದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ತೆಗೆದು ಹಾಕಿದೆವು. ಉಳಿದಂತೆ ನೆರಳಿರುವ ಕಡೆ ಆಡಿ, ಸಂಜೆ ಐದರ ಮೇಲೆ ಆಡಿ. ಬೆಂಗಳೂರಿನಲ್ಲಿ ಮೋಡ ಮುಚ್ಚಿದ ದಿನಕ್ಕೆ ಬರವಿಲ್ಲವಲ್ಲ.

ನೆಲಕ್ಕಿಟ್ಟರೆ ಕಟ ಕಟ

ಈಗ ಮುಖ್ಯ ವಿಷಯ. ಈ ಸದ್ದು ಕೇಳಿದ ಕೂಡಲೇ ಎಲ್ಲರೂ ಗಿಯರ್ ಸವೆದಿದೆ ಅನ್ನುತ್ತಾರೆ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಗಿಯರ್ ಸರಿಯಾಗೇ ಇರುತ್ತದೆ, ಅದನ್ನು ಹಿಡಿದಿರುವ ಚೌಕಟ್ಟು ಬಾಗುತ್ತಿರುತ್ತದೆ.

ಲೆಗೊದಲ್ಲಿ ಒಂದು ತೂತಿನಿಂದ ಪಕ್ಕದ ತೂತಿಗೆ 8 ಮಿಲಿಮೀಟರ್. ಎರಡು ಗಿಯರಿನ ಹಲ್ಲುಗಳ ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸಿದರೆ ಅವುಗಳ ನಡುವೆ ಎಷ್ಟು ಮಿಲಿಮೀಟರ್ ಇರಬೇಕು ಅಂತ ಸಿಗುತ್ತದೆ. 8 ಹಲ್ಲು ಮತ್ತು 24 ಹಲ್ಲು ಅಂದರೆ 16 ಮಿಲಿಮೀಟರ್, ಸರಿಯಾಗಿ ಎರಡು ತೂತು. 12 ಮತ್ತು 20 ಕೂಡ ಅಷ್ಟೇ. 16 ಮತ್ತು 24 ಅಂದರೆ 20 ಮಿಲಿಮೀಟರ್, ಎರಡೂವರೆ ತೂತು, ಸುಮ್ನೆ ನೇರ ಬೀಮಿನಲ್ಲಿ, ಅಂದರೆ ತೂತುಗಳಿರುವ ಪಟ್ಟಿಯಲ್ಲಿ, ಕೂರಲ್ಲ. ಇಷ್ಟು ನೋಡಿಕೊಂಡರೆ ಅಕ್ಕಪಕ್ಕ ಕೂರುವ ಗಿಯರ್‌ಗಳು ಸಾಮಾನ್ಯವಾಗಿ ತೊಂದರೆ ಕೊಡಲ್ಲ.

ತೊಂದರೆ ಕೊಡುವುದು ಮೂಲೆ ತಿರುಗುವ ಜಾಗ. ಗಾಡಿಯ ಉದ್ದಕ್ಕೆ ಬರುವ ಆಕ್ಸಲ್, ಚಕ್ರದ ಅಡ್ಡ ಆಕ್ಸಲ್ಲಿಗೆ ಸೇರುವಲ್ಲಿ 12 ಮತ್ತು 20 ಹಲ್ಲಿನ ಬೆವೆಲ್ ಗಿಯರ್ ಇದೆ. ಓರೆ ಹಲ್ಲು. ಭಾರ ಬಿದ್ದಾಗ ಈ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ದೂರ ಹೋಗಲು ಕೂದಲೆಳೆ ಜಾಗ ಸಿಕ್ಕರೂ ಸಾಕು, ಒಂದು ಹಲ್ಲು ಹಾರುತ್ತದೆ. ಕಟ್.

ಹೇಗೆ ಪತ್ತೆ ಮಾಡಿದೆವು ಹೇಳುತ್ತೇನೆ. ಹುಡುಗ ಗಾಡಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದ, ನಾನು ಫೋನಿನ ಟಾರ್ಚ್ ಹಾಕಿ ಕೆಳಗಿನಿಂದ ಹಿಂದಿನ ಆಕ್ಸಲ್ ನೋಡಿದೆ. ರಿಮೋಟ್ ಒತ್ತಿದಾಗ 12 ಹಲ್ಲಿನ ಗಿಯರ್ ಮೊದಲು ತಿರುಗಲಿಲ್ಲ, ಹಿಂದಕ್ಕೆ ಜರುಗಿತು. ಒಂದು ಮಿಲಿಮೀಟರ್ ಇರಬಹುದು. ಅದನ್ನು ಹಿಡಿದಿದ್ದ ಬೀಮ್ ಬಾಗಿ, ಬೀಮನ್ನು ಹಿಡಿದಿದ್ದ ಎರಡು ಪಿನ್ ತೂತಿನಿಂದ ಸ್ವಲ್ಪ ಹೊರಗೆ ಇಣುಕಿದವು. ಕಟ್ ಅಂದಿತು. ಬೀಮ್ ವಾಪಸ್ ಬಂತು. ಮತ್ತೆ ಜರುಗಿತು. ಗಿಯರಿನ ಬುಡದಲ್ಲಿ, ಬೀಮಿನ ಮೇಲೆ, ಸೀಮೆಸುಣ್ಣ ಒರೆಸಿದ ಹಾಗೆ ಬೂದು ಪುಡಿ ಬಿದ್ದಿತ್ತು. ಆ ಪುಡಿ ಕಂಡಲ್ಲಿ ಹುಡುಕಾಟ ನಿಲ್ಲಿಸಿ, ಕಳ್ಳ ಅಲ್ಲೇ ಇದ್ದಾನೆ.

ಸರಿಮಾಡಲು ಗಿಯರ್ ಬದಲಾಯಿಸಿದರೆ ಸಾಲದು. 12 ಹಲ್ಲಿನ ಗಿಯರ್ ಹಿಂದೆ ಬುಷ್ (ಆಕ್ಸಲ್ ಮೇಲೆ ಬಿಗಿಯಾಗಿ ಕೂರುವ ಸಣ್ಣ ಬಳೆ) ಒತ್ತಿ ಕೂರಿಸಿ, ಅದರ ಹಿಂದೆ ಬೀಮ್ ಬರಲಿ, ಆ ಬೀಮನ್ನು ಇನ್ನೊಂದು ಅಡ್ಡ ಬೀಮ್ ಹಿಡಿದುಕೊಳ್ಳಲಿ. ಗಿಯರ್ ಜೋಡಿಯ ನಾಲ್ಕೂ ಕಡೆ ಗೋಡೆ ಎದ್ದು ಡಬ್ಬಿಯ ಹಾಗೆ ಆಗಬೇಕು. ಮೂರು ಗೋಡೆ ಇದ್ದರೆ ನಾಲ್ಕನೇ ಕಡೆಗೆ ಬಾಗಿಯೇ ಬಾಗುತ್ತದೆ. ಪಿನ್ ಎಳೆತದ ಕಡೆಗೆ ಉದ್ದವಾಗಿ ಕೂತಿದ್ದರೆ ಜಾರಿ ಬರುತ್ತದೆ, ಎಳೆತಕ್ಕೆ ಅಡ್ಡವಾಗಿ ಕೂತಿದ್ದರೆ ಬರಲ್ಲ. ನಾವು ಬರೀ ಎರಡು ಎಲ್ ಆಕಾರದ ಬೀಮ್ ಸೇರಿಸಿದೆವು, ಕಟ ಕಟ ನಿಂತಿತು.

ಜಾಸ್ತಿ ಬಿಗಿ ಮಾಡುವ ಆಸೆಯೂ ಬೇಡ. ಬುಷ್ ಮತ್ತು ಬೀಮ್ ನಡುವೆ ಒಂದು ಕಾಗದ ತೂರುವಷ್ಟು ಸಂದು ಇರಲಿ. ಮೋಟರ್ ಬಿಡಿಸಿಟ್ಟು ಚಕ್ರವನ್ನು ಒಂದೇ ಬೆರಳಲ್ಲಿ ತಿರುಗಿಸಿದರೆ ಆರಾಮಾಗಿ ತಿರುಗಬೇಕು. ತಿರುಗಿಸಿ ಬಿಟ್ಟ ಕೂಡಲೇ ಗಕ್ಕನೆ ನಿಂತರೆ ಎಲ್ಲೋ ಉಜ್ಜುತ್ತಿದೆ. ಒಂದೊಂದೇ ಬುಷ್ ಸಡಿಲಿಸಿ ನೋಡುತ್ತಾ ಹೋಗಿ. ನಮ್ಮಲ್ಲಿ ಮುಂದಿನ ಬಲ ಚಕ್ರ ಹೀಗೆ ಕಚ್ಚುತ್ತಿತ್ತು. ಒಂದೂವರೆ ಗಂಟೆ ಎಲ್ಲಾ ಬಿಚ್ಚಿ ನೋಡಿದರೆ ಅಕ್ಕನ ಒಂದು ಉದ್ದ ಕೂದಲು ಬುಷ್ಷಿನ ಹಿಂದೆ ಸುತ್ತಿಕೊಂಡು ದಾರದುಂಡೆ ಆಗಿತ್ತು. ಗುಡ್ಡ ಅಗೆದು ಇಲಿ ಹಿಡಿದೆವು. ಹಾಲ್‌ನಲ್ಲಿ ಓಡಿಸುವ ಗಾಡಿಗೆ ಇದನ್ನು ಮೊದಲೇ ನೋಡಿಕೊಳ್ಳಿ, ಚಿಮಟ ಮತ್ತು ಸಣ್ಣ ಕತ್ತರಿ ಸಾಕು.

ಸದ್ದಿಲ್ಲ, ಹಲ್ಲು ಹಾರುತ್ತಿಲ್ಲ, ಆದರೂ ಹತ್ತಲ್ಲ

ಕಟ ಕಟ ನಿಂತ ಮೇಲೆ ಕುಣಿದಾಡಿಕೊಂಡು ಜಲ್ಲಿ ಹತ್ತಿರ ಹೋದೆವು. ಈಗ ಗಾಡಿ ಒಂದಡಿ ಏರಿ, ಮೂಕವಾಗಿ ನಿಂತಿತು. ಚಕ್ರ ಜಾರಲೂ ಇಲ್ಲ. ಮೋಟರ್ ಮುಟ್ಟಿದರೆ ಬೆಚ್ಚಗೆ.

ಇಲ್ಲಿ ನೆನಪಿಡಬೇಕಾದದ್ದು: ಒಳ್ಳೆಯ ಆಫ್ ರೋಡ್ ಗಾಡಿ ಸೋಲುವಾಗ ಚಕ್ರ ಜಾರಬೇಕು, ಮೋಟರ್ ನಿಲ್ಲಬಾರದು. ಮೋಟರ್ ನಿಂತರೆ ಅದು ಸುಮ್ನೆ ನಿಲ್ಲುವುದಿಲ್ಲ, ಕರೆಂಟ್ ಕುಡಿಯುತ್ತದೆ. ಎಕ್ಸ್‌ಎಲ್ ಮೋಟರ್ 9 ವೋಲ್ಟಿನಲ್ಲಿ ಭಾರವಿಲ್ಲದೆ ತಿರುಗುವಾಗ ಸುಮಾರು 80 ಮಿಲಿ ಆಂಪಿಯರ್ ತೆಗೆದುಕೊಂಡರೆ, ತಡೆದು ನಿಲ್ಲಿಸಿದಾಗ ಸುಮಾರು 1.8 ಆಂಪಿಯರ್ ಕೇಳುತ್ತದೆ. ಎರಡು ಮೋಟರ್ ಅಂದರೆ 3.6. ಎರಡನ್ನೂ ರಿಸೀವರ್‌ನ ಒಂದೇ ಬಾಯಿಗೆ ಪ್ಲಗ್ ಮೇಲೆ ಪ್ಲಗ್ ಹಾಕಿ ಕೂರಿಸಿದ್ದೆವು. ರಿಸೀವರ್ ಅಷ್ಟು ಎಲ್ಲಿಂದ ತರಬೇಕು? ಜೊತೆಗೆ ಮೋಟರ್ ಒಳಗೆ ಬಿಸಿಯಾದಾಗ ಕರೆಂಟ್ ತಡೆಯುವ ಒಂದು ರಕ್ಷಣೆ ಇದೆ. ಅದು ಕೆಲಸ ಮಾಡಿದರೆ ಗಾಡಿ ಸತ್ತ ಹಾಗೆ ಕಾಣುತ್ತದೆ, ಐದು ಹತ್ತು ನಿಮಿಷ ತಣ್ಣಗಾಗಲು ಬಿಟ್ಟರೆ ಎದ್ದು ಕೂರುತ್ತದೆ. ನಿಮ್ಮ ಗಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ತಾನಾಗೇ ಸರಿಹೋಗುತ್ತಿದ್ದರೆ ಇದೇ ಕಾರಣ.

ಮೂಲ ತಪ್ಪು ಗಿಯರ್ ಲೆಕ್ಕದಲ್ಲಿತ್ತು. ಎಕ್ಸ್‌ಎಲ್ ಮೋಟರ್ ನಿಮಿಷಕ್ಕೆ ಸುಮಾರು 220 ಸುತ್ತು ತಿರುಗುತ್ತದೆ. ನಮ್ಮಲ್ಲಿ ಇದ್ದದ್ದು 12ರಿಂದ 20ರ ಇಳಿಕೆ ಮಾತ್ರ, ಅಂದರೆ 12 ಹಲ್ಲಿನ ಗಿಯರ್ 20 ಹಲ್ಲಿನದನ್ನು ನಿಧಾನವಾಗಿ ತಿರುಗಿಸುವುದು, ಹಾಗಾಗಿ ಚಕ್ರ 132 ಸುತ್ತು. ಆ ಟೈರಿಗೆ ಒಂದು ಸುತ್ತು ಅಂದರೆ ಹೆಚ್ಚುಕಡಿಮೆ 30 ಸೆಂಟಿಮೀಟರ್, ನಿಮಿಷಕ್ಕೆ 39 ಮೀಟರ್. ಹಾಲ್‌ನಲ್ಲಿ ಓಡಲು ಮಜಾ, ಜಲ್ಲಿ ಹತ್ತಲು ಅಲ್ಲ. ಪ್ರತಿ ಚಕ್ರದ ಹತ್ತಿರ 8ರಿಂದ 24ರ ಇನ್ನೊಂದು ಇಳಿಕೆ ಸೇರಿಸಿದೆವು. ಒಟ್ಟು ಐದಕ್ಕೆ ಒಂದು. ಈಗ ಚಕ್ರ 44 ಸುತ್ತು, ನಿಮಿಷಕ್ಕೆ 13 ಮೀಟರ್. ಆಮೆ. ಆದರೆ ಎಳೆತ ಮೂರು ಪಟ್ಟು.

ಈ ಇಳಿಕೆಯನ್ನು ಚಕ್ರದ ಪಕ್ಕದಲ್ಲೇ ಯಾಕೆ ಹಾಕಿದೆವು, ಮೋಟರ್ ಪಕ್ಕ ಯಾಕಲ್ಲ? ಮೋಟರ್ ಪಕ್ಕ ಹಾಕಿದ್ದರೆ ಆ ಮೂರು ಪಟ್ಟು ಬಲ ಇಡೀ ಗಾಡಿಯ ಆಕ್ಸಲ್, ಯೂನಿವರ್ಸಲ್ ಜಾಯಿಂಟ್ (ಬಾಗಿದರೂ ತಿರುಗುವ ಕೀಲು), ಆ ದರಿದ್ರ ಬೆವೆಲ್ ಗಿಯರ್ ಎಲ್ಲದರ ಮೂಲಕ ಹಾಯ್ದು ಹೋಗಬೇಕು. ಚಕ್ರದ ಬುಡದಲ್ಲಿ ಹಾಕಿದರೆ ಅಲ್ಲಿಯವರೆಗೆ ಎಲ್ಲವೂ ಹಗುರಾಗಿ ತಿರುಗುತ್ತವೆ, ಬಲ ಹುಟ್ಟುವುದು ಕೊನೆಯ ಒಂದಂಗುಲದಲ್ಲಿ. ಜೊತೆಗೆ ಆಕ್ಸಲ್ ಚಕ್ರದ ನಡುಮಟ್ಟಕ್ಕಿಂತ ಮೇಲೆ ಹೋಗುವುದರಿಂದ ಹೊಟ್ಟೆ ಕಲ್ಲಿಗೆ ಉಜ್ಜುವುದೂ ಕಡಿಮೆ. ಇದನ್ನು ಪೋರ್ಟಲ್ ಆಕ್ಸಲ್ ಅನ್ನುತ್ತಾರೆ. ಲೆಗೊ ಕಂಪನಿಯೇ 2019ರಲ್ಲಿ ತಂದ 42099 ಸಂಖ್ಯೆಯ ಆಫ್ ರೋಡರ್‌ನಲ್ಲಿ ಚಕ್ರದ ಹಬ್ (ನಡುಗುಂಬ) ಒಳಗೇ ವೇಗ ಇಳಿಸುವ ಪ್ಲಾನೆಟರಿ ಗಿಯರ್ ಇಟ್ಟಿರುವುದೂ ಇದೇ ತರ್ಕ.

ರಿಸೀವರ್ ತೊಂದರೆಗೆ ಇನ್ನೊಂದು ರಿಸೀವರ್ ಸೇರಿಸಿ ಎರಡನ್ನೂ ಒಂದೇ ಚಾನೆಲ್ಲಿಗೆ ಇಟ್ಟೆವು. ಒಂದೊಂದು ಮೋಟರಿಗೆ ಒಂದೊಂದು. ರಿಮೋಟಿಗೆ ಗೊತ್ತೂ ಆಗಲ್ಲ.

ಎರಡು ಮೋಟರ್ ಜಗಳ

ಇದು ನಮ್ಮ ಮೊದಲ ಭಾನುವಾರದ ಸಾಧನೆ, ಬಿಚ್ಚಿ ಜೋಡಿಸುವಾಗ ನಾನೇ ಹೊಸದಾಗಿ ಸೇರಿಸಿದ ತೊಂದರೆ. ಜಾಗ ಉಳಿಯಲಿ ಅಂತ ಎರಡು ಮೋಟರನ್ನು ಎದುರುಬದುರು ಕೂರಿಸಿ ಒಂದೇ ಆಕ್ಸಲ್ಲಿಗೆ ಸೇರಿಸಿದೆ. ಎರಡೂ ಒಂದೇ ದಿಕ್ಕಿಗೆ ತಿರುಗುವ ಮೋಟರ್, ಆದರೆ ಮುಖ ಎದುರುಬದುರು ಆದಾಗ ಆಕ್ಸಲ್ಲಿಗೆ ಅದು ವಿರುದ್ಧ ದಿಕ್ಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಲಕ್ಷಣ ಹೀಗಿರುತ್ತದೆ: ಗಾಳಿಯಲ್ಲಿ ಎತ್ತಿದರೂ ಚಕ್ರ ತಿರುಗಲ್ಲ, ಸಣ್ಣಗೆ ಗುಂಯ್ ಅನ್ನುತ್ತದೆ, ಮೋಟರ್ ಬಿಸಿಯಾಗುತ್ತದೆ. ಒಂದು ಮೋಟರಿನ ಪ್ಲಗ್ ತೆಗೆಯಿರಿ. ಚಕ್ರ ತಿರುಗಿತಾ? ಜಗಳ ಖಚಿತ. ಎರಡೂ ಒಂದೇ ಕಡೆ ಮುಖ ಮಾಡುವ ಹಾಗೆ ಕೂರಿಸಿ, ಇಲ್ಲವೇ ಒಂದರ ದಾರಿಯಲ್ಲಿ ದಿಕ್ಕು ಬದಲಿಸುವ ಸ್ವಿಚ್ ಹಾಕಿ.

ಸ್ಟೀರಿಂಗ್ ತಿರುಗಿಸಿದರೆ ಗಾಡಿ ಸೊರಗುತ್ತದೆ

ಇದನ್ನು ಹುಡುಗ ಕಂಡುಹಿಡಿದ, ನಾನಲ್ಲ. "ಮಾಮ, ನೇರ ಹೋದ್ರೆ ಚೆನ್ನಾಗ್ ಹೋಗುತ್ತೆ, ತಿರುಗಿಸಿದ್ರೆ ಸುಸ್ತಾಗುತ್ತೆ ನೋಡು." ಹೌದು. ಸ್ಟೀರಿಂಗ್ ಪೂರ್ತಿ ಎಡಕ್ಕೆ ಹಿಡಿದಾಗ ಸರ್ವೊ ಸಣ್ಣಗೆ ಗೊಣಗುತ್ತಿತ್ತು, ಗಾಡಿಯ ವೇಗ ಇಳಿಯುತ್ತಿತ್ತು.

ಸರ್ವೊ ಮೋಟರ್ ನಡುವಿನಿಂದ ಆಚೆಗೆ 90 ಡಿಗ್ರಿ, ಈಚೆಗೆ 90 ಡಿಗ್ರಿ ತಿರುಗುತ್ತದೆ. ಹಿಡಿ ಇರುವ ರಿಮೋಟಿನಲ್ಲಿ ನಡುವಿನ ಹಂತ ಇಲ್ಲ, ಒತ್ತಿದರೆ ಸೀದಾ 90. ಅದರ ಆಕ್ಸಲ್ ಮೇಲೆ ನಾವು 12 ಹಲ್ಲಿನ ಗಿಯರ್ ಹಾಕಿ, ಅದು ಹಲ್ಲು ಪಟ್ಟಿಯನ್ನು, ಅಂದರೆ ರ್ಯಾಕನ್ನು, ಪಕ್ಕಕ್ಕೆ ತಳ್ಳುವ ಹಾಗೆ ಮಾಡಿದ್ದೆವು. ಲೆಗೊ ಗಿಯರ್‌ನಲ್ಲಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸುಮಾರು 3.14 ಮಿಲಿಮೀಟರ್. 12 ಹಲ್ಲಿನ ಗಿಯರ್ ಕಾಲು ಸುತ್ತು ತಿರುಗಿದರೆ ಮೂರು ಹಲ್ಲು, 9.4 ಮಿಲಿಮೀಟರ್. ನಮ್ಮ ರ್ಯಾಕಿಗೆ ಪ್ರತಿ ಪಕ್ಕ ಇದ್ದ ಜಾಗ 8 ಮಿಲಿಮೀಟರ್. ಉಳಿದ 1.4 ಮಿಲಿಮೀಟರಿಗಾಗಿ ಸರ್ವೊ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾ, ಓಡುವ ಮೋಟರ್‌ಗಳ ಪಾಲಿನ ಕರೆಂಟನ್ನೂ ತಿನ್ನುತ್ತಿತ್ತು. 8 ಹಲ್ಲಿನ ಗಿಯರ್ ಹಾಕಿದೆವು. ಕಾಲು ಸುತ್ತಿಗೆ 6.3 ಮಿಲಿಮೀಟರ್, ಆರಾಮ. ತಿರುವು ಸ್ವಲ್ಪ ಅಗಲವಾಯಿತು, ಗೊಣಗಾಟ ನಿಂತಿತು.

ನಿಮ್ಮಲ್ಲಿ ಇದೆಯಾ ಅಂತ ನೋಡಲು ಲೆಕ್ಕವೇ ಬೇಡ. ಸ್ಟೀರಿಂಗ್ ಪೂರ್ತಿ ಒತ್ತಿ ಹಿಡಿದು, ಮುಂದಿನ ಚಕ್ರವನ್ನು ಕೈಯಿಂದ ಇನ್ನೂ ಸ್ವಲ್ಪ ಅದೇ ಕಡೆಗೆ ತಳ್ಳಿ. ಕೊಂಚ ಜಾಗ ಉಳಿದಿರಬೇಕು. ಕಲ್ಲಿನ ಹಾಗೆ ಗಟ್ಟಿ ನಿಂತಿದ್ದರೆ ಸರ್ವೊ ಗೋಡೆ ತಳ್ಳುತ್ತಿದೆ.

ಸೆಲ್ ಬಗ್ಗೆ, ಮತ್ತು ಮಲ್ಟಿಮೀಟರ್ ಹೇಳುವ ಸುಳ್ಳು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಿಂದ ತಂದ, ವೋಲ್ಟ್ ಅಳೆಯುವ ಒಂದು ಅಗ್ಗದ ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಅದರಲ್ಲಿ ಅರ್ಧ ಬಳಸಿದ ಆಲ್ಕಲೈನ್ ಸೆಲ್ ಅಳೆದರೆ ಸುಮಾರು 1.3 ವೋಲ್ಟ್ ತೋರಿಸುತ್ತದೆ, ಪರವಾಗಿಲ್ಲ ಅನ್ನಿಸುತ್ತದೆ. ಅದು ಆರಾಮ ಕುರ್ಚಿಯಲ್ಲಿ ಕೂತಿರುವವನ ಬಿಪಿ ನೋಡಿದ ಹಾಗೆ. ಮೋಟರ್ ಎಳೆಯುವಾಗ ಅಳೆಯಿರಿ, ಆಗ ನಿಜ ಗೊತ್ತಾಗುತ್ತದೆ.

ರೀಚಾರ್ಜ್ ಮಾಡುವ ನಿಕ್ಕಲ್ ಸೆಲ್ ತಲಾ 1.2 ವೋಲ್ಟ್, ಆರು ಸೇರಿ 7.2. ಹೊಸ ಆಲ್ಕಲೈನ್ ಆರು ಸೇರಿ 9. ಹಾಗಾಗಿ ರೀಚಾರ್ಜ್ ಸೆಲ್ ಹಾಕಿದರೆ ಗಾಡಿ ಸ್ವಲ್ಪ ನಿಧಾನ, ಅದು ದೋಷವಲ್ಲ. ಆದರೆ ಭಾರ ಬಿದ್ದಾಗ ಆಲ್ಕಲೈನ್ ವೋಲ್ಟ್ ಜಾಸ್ತಿ ಕುಸಿಯುತ್ತದೆ, ನಿಕ್ಕಲ್ ಸೆಲ್ ಗಟ್ಟಿಯಾಗಿ ನಿಲ್ಲುತ್ತದೆ. ಜಲ್ಲಿ ಹತ್ತಲು ನಾನು ನಿಕ್ಕಲ್ ಪಕ್ಷ. ಹಳೇ ಹೊಸ ಸೆಲ್ ಬೆರೆಸಬೇಡಿ, ಆರರಲ್ಲಿ ದಡ್ಡ ಒಬ್ಬನಿದ್ದರೆ ಇಡೀ ಬೆಂಚಿನ ಮಾರ್ಕ್ಸ್ ಇಳಿಯುತ್ತದೆ.

ಒಂದು ಚಕ್ರ ಗಾಳಿಯಲ್ಲಿ, ಗಾಡಿ ಅಲ್ಲೇ

ಡಿಫರೆನ್ಷಿಯಲ್ ಇದ್ದರೆ ಹೀಗೆಯೇ. ಒಂದು ಚಕ್ರ ಗುಂಡಿಯ ಮೇಲೆ ತೇಲಿದರೆ ತಿರುಗುವುದೆಲ್ಲ ಅದೇ, ನೆಲ ಕಚ್ಚಿರುವ ಚಕ್ರ ನೋಡುತ್ತಾ ನಿಂತಿರುತ್ತದೆ. ರಿಪೇರಿ ಮಾಡಲು ಇಲ್ಲಿ ಏನೂ ಕೆಟ್ಟಿಲ್ಲ. ನಾವು ಎರಡೂ ಡಿಫರೆನ್ಷಿಯಲ್ ಕಿತ್ತು ನೇರ ಆಕ್ಸಲ್ ಹಾಕಿದ್ದೇವೆ. ಮೊಸಾಯಿಕ್ ನೆಲದ ಮೇಲೆ ತಿರುಗುವಾಗ ಟೈರ್ ಕಿರ್ ಅನ್ನುತ್ತದೆ, ಮಣ್ಣಲ್ಲಿ ಗೊತ್ತೇ ಆಗಲ್ಲ. ಸಸ್ಪೆನ್ಷನ್ ತುಂಬಾ ಗಟ್ಟಿ ಇದ್ದರೂ ಚಕ್ರ ತೇಲುತ್ತದೆ. ಒಂದು ಚಕ್ರದ ಕೆಳಗೆ ದಪ್ಪ ಪುಸ್ತಕ ಇಡಿ, ಉಳಿದ ಮೂರೂ ನೆಲ ಮುಟ್ಟಿರಬೇಕು. ಹಾಗೆ ಬಾಗಿದಾಗ ಯಾವ ವೈರ್ ಬಿಗಿಯುತ್ತದೆ ಅಂತಲೂ ನೋಡಿಕೊಳ್ಳಿ, ನಮ್ಮ ಸರ್ವೊ ವೈರ್ ಎರಡು ಬೀಮಿನ ನಡುವೆ ಚಪ್ಪಟೆಯಾಗುತ್ತಿತ್ತು.

ಉದ್ದ ಆಕ್ಸಲ್‌ಗಳನ್ನು ಆಗಾಗ ಹೊರಗೆ ಎಳೆದು ಬೆಳಕಿಗೆ ಹಿಡಿಯಿರಿ. ಕೂಡಿಸುವ ಚಿಹ್ನೆಯ ಆಕಾರದ ಅಂಚು ನೇರ ಗೆರೆಯಾಗಿ ಕಾಣಬೇಕು. ಚಕ್ಕುಲಿ ಹಾಗೆ ಸುರುಳಿ ಕಂಡರೆ ಅದು ತಿರುಚಿಕೊಂಡಿದೆ, ಬಿಸಾಕಿ.

ಧೂಳಿನ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಎಂ ಸ್ಯಾಂಡ್ ಗಿಯರ್ ಒಳಗೆ ಹೋದರೆ ಕರಕರ ಅನ್ನುತ್ತದೆ, ಹಳೇ ಟೂತ್‌ಬ್ರಷ್ ಸಾಕು. ಎಣ್ಣೆ ಮಾತ್ರ ಬೇಡ. ಅಮ್ಮ ಪ್ರೀತಿಯಿಂದ ಹೊಲಿಗೆ ಮೆಷಿನ್ ಎಣ್ಣೆ ಕೊಟ್ಟರು, ನಾನು ಎರಡು ತೊಟ್ಟು ಬಿಟ್ಟೆ. ಅದು ಧೂಳು ಹಿಡಿದುಕೊಂಡು ಉಪ್ಪುಕಾಗದದ ಹಾಗೆ ಆಗಿ, ಸೋಪು ನೀರಿನಲ್ಲಿ ಒಂದೊಂದೇ ಗಿಯರ್ ತೊಳೆಯಬೇಕಾಯಿತು. ಮೋಟರ್, ರಿಸೀವರ್ ಮತ್ತು ಬ್ಯಾಟರಿ ಡಬ್ಬಿಗೆ ನೀರು ತಾಕಿಸಬೇಡಿ, ಹೇಳಬೇಕಾಗಿಲ್ಲ ಅಲ್ವಾ.

ಮೂರನೇ ಭಾನುವಾರ ಸಂಜೆ ಜೀಪು ಜಲ್ಲಿ ಗುಡ್ಡೆಯ ತುದಿ ಮುಟ್ಟಿತು. ನಾಲ್ಕು ನಿಮಿಷ ಹಿಡಿಯಿತು, ನಡುವೆ ಎರಡು ಸಲ ಹಿಂದೆ ಜಾರಿತು, ಆದರೆ ಜಾರಿದ್ದು ಚಕ್ರ, ನಿಂತದ್ದು ಮೋಟರ್ ಅಲ್ಲ. ಕೈಬಿಟ್ಟರೆ ಈಗಲೂ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಸ್ಟೀರಿಂಗ್ ಕೊಂಡಿಗಳಲ್ಲಿ ಅಲ್ಲಾಟ ಉಳಿದಿದೆ. ಅದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ನೋಡುವ ಯೋಚನೆ ಇತ್ತು. ಅಷ್ಟರಲ್ಲಿ ಪಕ್ಕದವರು ಮೊದಲ ಮಹಡಿಗೆ ಮೋಲ್ಡ್ ಹಾಕಿಬಿಟ್ಟರು, ಬೆಳಗಾಗುವಷ್ಟರಲ್ಲಿ ಜಲ್ಲಿ ಖಾಲಿ. ಹುಡುಗ ಮುಖ ಸಪ್ಪಗೆ ಮಾಡಿಕೊಂಡಿದ್ದ. ನಿನ್ನೆ ಲಾರಿ ಬಂದು ಇಟ್ಟಿಗೆ ಇಳಿಸಿದೆ, ಸಾಲಾಗಿ ಜೋಡಿಸದೆ ಸುರಿದು ಹೋಗಿದ್ದಾರೆ.